ಅಪ್‌ಡೇಟ್: ರಾತ್ರಿ ಕಿರುಚಿ ಏಳುತ್ತಿದ್ದ ಮಗ

ಹೋದ ತಿಂಗಳು ಕೇಳಿದ್ದೆ. ನಾಲ್ಕೂವರೆ ವರ್ಷದ ಮಗ ಮಲಗಿ ಒಂದೂವರೆ ಗಂಟೆಗೆಲ್ಲ ಕಿಟಾರನೆ ಕಿರುಚಿ ಎದ್ದು ಕೂರುತ್ತಾನೆ, ಕಣ್ಣು ಬಿಟ್ಟಿದ್ದರೂ ನನ್ನ ಗುರುತೇ ಸಿಗಲ್ಲ ಅಂತ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ನಮಗೆಲ್ಲ ಕೆಮ್ಮು ಬಂತು, ಅಷ್ಟೇ.

ನಿಮ್ಮಲ್ಲೊಬ್ಬರು ಹೇಳಿದಂತೆ ಮೊಬೈಲಲ್ಲಿ ವಿಡಿಯೋ ಮಾಡಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಇದು ನೈಟ್ ಟೆರರ್ ಅಂತೆ, ಕೆಟ್ಟ ಕನಸಲ್ಲ. ಕೆಟ್ಟ ಕನಸು ಹೆಚ್ಚಾಗಿ ಬೆಳಗಿನ ಜಾವ ಬೀಳುತ್ತದೆ, ನೆನಪೂ ಇರುತ್ತದೆ. ಇದು ಗಾಢ ನಿದ್ದೆಯಲ್ಲಿ ಮಿದುಳು ಅರ್ಧಂಬರ್ಧ ಎಚ್ಚರವಾದಾಗ ಆಗುವಂಥದ್ದು. ಬೆಳಿಗ್ಗೆ ಕೇಳಿದರೆ ಅವನಿಗೆ ಏನೂ ಗೊತ್ತಿಲ್ಲ, ದೋಸೆ ಎಲ್ಲಿ ಅಂತಾನೆ! ಗೊರಕೆ ಇದೆಯಾ, ಕೈಕಾಲು ಅದುರುತ್ತಾ ಅಂತಲೂ ವಿಚಾರಿಸಿದರು. ಎರಡೂ ಇಲ್ಲ. ಔಷಧಿ ಬೇಡ ಎಂದರು.

ನಾನು ಭುಜ ಹಿಡಿದು ಅಲುಗಾಡಿಸಿ, ಮುಖಕ್ಕೆ ನೀರು ಚಿಮುಕಿಸುತ್ತಿದ್ದೆ. ಅದರಿಂದಲೇ ರಂಪ ಜಾಸ್ತಿ ಆಗುತ್ತಿತ್ತು. ಈಗ ಮಂಚದಿಂದ ಬೀಳದ ಹಾಗೆ ಸುಮ್ನೆ ಪಕ್ಕದಲ್ಲಿ ಕೂರುತ್ತೇನೆ. ಐದಾರು ನಿಮಿಷಕ್ಕೆ ತಾನೇ ಒರಗಿಕೊಳ್ಳುತ್ತಾನೆ.

ಸ್ಕೂಲ್ ಶುರುವಾದ ಮೇಲೆ ಮಧ್ಯಾಹ್ನದ ನಿದ್ದೆ ನಿಂತಿತ್ತು, ರಾತ್ರಿ ಮಲಗುವಾಗ ಹತ್ತೂವರೆ. ಈ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಸಾಲದಿದ್ದರೆ ಹೀಗೆ ಕಿರುಚಿ ಏಳುವುದು ಹೆಚ್ಚಾಗಬಹುದು. ಈಗ ಎಂಟೂವರೆಗೆ ಲೈಟ್ ಆಫ್. ಮೂರು ವಾರದಲ್ಲಿ ಎರಡೇ ಸಲ ಎದ್ದ, ಅದರಲ್ಲೊಂದು ಜ್ವರ ಬಂದಿದ್ದ ರಾತ್ರಿ.