ತಲೆಮಾರುಗಳ ದ್ರಾಕ್ಷಿ ತೋಟದಿಂದ ಬರುವ ವೈನ್‌ನಲ್ಲಿ ನಿಜವಾಗಿ ಉಳಿದು ಬರುವುದು ಏನು?

ಐಮಂಗಲದ ಕೃಷಿಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಿರಿಯೂರು ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಮೊದಲು ದಾಳಿಂಬೆ ಇತ್ತು. ದುಂಡಾಣು ಅಂಗಮಾರಿ ರೋಗಕ್ಕೆ ಎರಡು ಸಲ ಗಿಡಗಳನ್ನು ಕಿತ್ತುಹಾಕಿದ ಮೇಲೆ, ಒಂದು ಎಕರೆಯಲ್ಲಿ ವೈನ್ ದ್ರಾಕ್ಷಿ ಹಾಕೋಣವೆಂದು ಒಂದು ನರ್ಸರಿಯಿಂದ ಸಸಿ ತಂದೆ. ಕೆಂಪು ವೈನ್‌ಗೆ ಬೇಕಾದ ಕ್ಯಾಬರ್ನೆ ಸುವಿನ್ಯೋನ್ ಎಂದು ಹೇಳಿ ಕೊಟ್ಟ ಸಸಿಗಳಲ್ಲಿ ಗೊಂಚಲು ಬಿಟ್ಟಾಗ ನೋಡಿದರೆ ಅರ್ಧಕ್ಕರ್ಧ ಹಸಿರು ಹಣ್ಣಿನ ಬೇರೆ ತಳಿ. ಕಂಬ, ತಂತಿ, ಹನಿ ನೀರಾವರಿ ಎಲ್ಲಕ್ಕೂ ಸುರಿದ ಹಣಕ್ಕಿಂತ, ಕಳೆದುಹೋದ ವರ್ಷಗಳ ಬಗ್ಗೆಯೇ ನನಗೆ ಹೆಚ್ಚು ನೋವು.

ಮತ್ತೆ ನಾಟಿ ಮಾಡುವ ಮೊದಲು ವಿಷಯವನ್ನು ಬುಡದಿಂದ ತಿಳಿಯಬೇಕೆಂದಿದ್ದೇನೆ. ಫ್ರಾನ್ಸಿನಿಂದ ಬಂದ ಬಂಧುಗಳೊಬ್ಬರು ಅಲ್ಸಾಸ್ ಪ್ರಾಂತ್ಯದ ಒಂದು ಬಾಟಲಿ ತಂದಿದ್ದರು. ಅದನ್ನು ತಯಾರಿಸುವ ಹ್ಯೂಗೆಲ್ ಮನೆತನ ರಿಕ್ವೀರ್ ಎಂಬ ಊರಿನಲ್ಲಿ 1639ರಿಂದ ಇದೇ ಕಸುಬಿನಲ್ಲಿದೆಯಂತೆ. ಇಷ್ಟು ತಲೆಮಾರುಗಳಲ್ಲಿ ತಂದೆಯಿಂದ ಮಗನಿಗೆ ದಾಟುವುದು ಏನು? ಅದು ಮನೆತನದ ಗುಟ್ಟೇ, ಅಥವಾ ಮಣ್ಣಿನ ಗುಣವೇ? ಅಣ್ಣತಮ್ಮಂದಿರ ಪಾಲಿನಲ್ಲಿ ತೋಟ ಚೂರಾಗದೆ ಉಳಿದದ್ದಾದರೂ ಹೇಗೆ?

ವಿದ್ಯಾನಗರದಿಂದ, ದಾವಣಗೆರೆ:

ಉದ್ಯೋಗದ ನಿಮಿತ್ತ ನಾನು ಕೆಲವು ವರ್ಷ ಜರ್ಮನಿಯಲ್ಲಿದ್ದೆ. ಮೋಸೆಲ್ ನದಿಯ ದಂಡೆಯಲ್ಲಿ ಒಂದು ಸಣ್ಣ ಮನೆತನದ ತೋಟಕ್ಕೆ ಎರಡು ಸುಗ್ಗಿಗಳಲ್ಲಿ ಕೊಯ್ಲಿಗೆ ಹೋಗಿದ್ದೆನಾದ್ದರಿಂದ ಕಂಡದ್ದನ್ನು ಬರೆಯುತ್ತೇನೆ.

ಅಲ್ಲಿನ ಇಳಿಜಾರು ನಮ್ಮ ಚಿತ್ರದುರ್ಗದ ಬೆಟ್ಟ ಹತ್ತಿದಷ್ಟೇ ಕಡಿದು. ನೆಲದ ತುಂಬ ಸ್ಲೇಟಿನ ಚಪ್ಪಡಿ ಚೂರುಗಳು. ದುರ್ಗದ ಬಂಡೆಗಳು ಸಂಜೆ ಕತ್ತಲಾದ ಮೇಲೂ ಅಂಗೈಗೆ ಬಿಸಿ ತಾಗಿಸುವಂತೆ, ಆ ಕಲ್ಲು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿ ಬಳ್ಳಿಗೆ ಕೊಡುತ್ತದೆ. ಅಷ್ಟು ಚಳಿಯ ದೇಶದಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನ್ ದ್ರಾಕ್ಷಿ ಹಣ್ಣಾಗುವುದಕ್ಕೆ ಅದೂ ಒಂದು ಕಾರಣ. ಮಳೆಗೆ ಕೆಳಗೆ ಜಾರಿದ ಚೂರುಗಳನ್ನು ಆ ಮನೆಯವರು ಮತ್ತೆ ಮೇಲಕ್ಕೆ ಹೊತ್ತು ಹಾಕುತ್ತಿದ್ದರು.

ಮನೆಯ ಯಜಮಾನರ ಬಳಿ ಅವರ ಅಜ್ಜನ ಕಾಲದ ನೋಟ್‌ಬುಕ್ಕುಗಳಿದ್ದವು. ಯಾವ ತುಂಡು ನೆಲದಲ್ಲಿ ಯಾವ ದಿನ ಚಿಗುರು ಒಡೆಯಿತು, ಹೂವು ಎಂದು ನಿಂತಿತು, ಯಾವ ಸಾಲಿಗೆ ಹಿಮ ಬಡಿಯಿತು, ಕೊಯ್ಲಿನ ದಿನ ಸಕ್ಕರೆ ಎಷ್ಟಿತ್ತು ಎಂಬುದನ್ನು ವರ್ಷವರ್ಷವೂ ಬರೆದಿಟ್ಟಿದ್ದರು. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಕೆಳಗಿನ ಹದಿನೈದು ಸಾಲುಗಳನ್ನು ಯಾವಾಗಲೂ ಬೇರೆಯಾಗಿಯೇ ಕೊಯ್ಯಬೇಕೆಂಬ ತೀರ್ಮಾನ ಆ ಪುಸ್ತಕಗಳಿಂದ ಬಂದದ್ದು. ಕೊಯ್ಲಿನ ಮೊದಲು ಅವರು ಒಂದು ಹಣ್ಣನ್ನು ಬಾಯಿಗೆ ಹಾಕಿ ಬೀಜವನ್ನು ಅಂಗೈಗೆ ಉಗುಳಿ ನೋಡುತ್ತಿದ್ದರು. ಬೀಜ ಹಸಿರಾಗಿದ್ದರೆ ಆ ಸಾಲು ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ ಹಲ್ಲಿಗೆ ಕಟಕ್ಕೆಂದು ಮುರಿದರೆ ಹದ ಬಂದಿದೆ ಎಂದರ್ಥ.

ಬಿಳಿ ವೈನ್‌ಗೆ ಹಣ್ಣನ್ನು ಕೂಡಲೇ ಹಿಂಡಿ, ರಸವನ್ನು ಒಂದು ರಾತ್ರಿ ತಿಳಿಯಾಗಲು ಬಿಟ್ಟು, ತಂಪಾದ ನೆಲಮಾಳಿಗೆಯಲ್ಲಿ ಸುಮಾರು 1000 ಲೀಟರಿನ ಫೂಡರ್ ಎಂಬ ಹಳೆಯ ಓಕ್ ಪೀಪಾಯಿಗಳಿಗೆ ತುಂಬುತ್ತಾರೆ. ಹುದುಗುವಿಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಯಜಮಾನರು ಬೆಳಿಗ್ಗೆ ಎದ್ದು ಪ್ರತಿ ಪೀಪಾಯಿಗೂ ಕಿವಿಯಿಟ್ಟು ಆಲಿಸುತ್ತಿದ್ದರು. ನಾನೂ ಕಿವಿಯಿಟ್ಟೆ. ದೂರದಲ್ಲಿ ಸಣ್ಣ ಮಳೆ ಬಿದ್ದಂತೆ ಚಿಟಿಚಿಟಿ ಸದ್ದು ಕೇಳಿಸಿತು. ಆ ಸದ್ದು ಯಾವಾಗ ಇಳಿಯಬೇಕು, ಎಲ್ಲಿ ನಿಲ್ಲಿಸಿದರೆ ಹುಳಿಗೂ ಸಿಹಿಗೂ ಸಮ ಬರುತ್ತದೆ ಎಂಬ ತಿಳಿವಳಿಕೆ ಪಕ್ಕದಲ್ಲಿ ನಿಂತು ಕಲಿತವರಿಗೇ ದಕ್ಕುವುದು. ಗುಟ್ಟಿನ ಪಾಕವಿಧಾನವೆಂಬುದು ಅಲ್ಲಿ ನನಗೆ ಕಾಣಲಿಲ್ಲ.

ಚನ್ನಗಿರಿಯ ಓದುಗ:

ಮೇಲಿನ ಬರಹ ಬಿಳಿ ವೈನ್‌ನದ್ದು, ಕೃಷಿಕರು ಕೇಳಿದ್ದು ಕೆಂಪಿನ ಬಗ್ಗೆ. ಕೆಂಪು ವೈನ್‌ನ ಬಣ್ಣವಿರುವುದು ಸಿಪ್ಪೆಯಲ್ಲಿ. ಎಳೆ ಅಡಿಕೆ ಜಗಿದಾಗ ನಾಲಿಗೆ ಹಿಡಿಯುವಂಥ ಒಗರು ಸಿಪ್ಪೆಯಲ್ಲೂ ಬೀಜದಲ್ಲೂ ಇದೆ. ಆದ್ದರಿಂದ ಹಣ್ಣನ್ನು ಜಜ್ಜಿ, ಸಿಪ್ಪೆಸಮೇತವೇ ಒಂದರಿಂದ ಮೂರು ವಾರ ಬಿಡುತ್ತಾರೆ. ಮೇಲೆ ತೇಲಿ ಬರುವ ಸಿಪ್ಪೆಯನ್ನು ದಿನವೂ ರಸದೊಳಕ್ಕೆ ಒತ್ತಬೇಕು, ಇಲ್ಲವಾದರೆ ಅದು ಒಣಗಿ ಕೆಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಸಿಗುತ್ತದೆ ಎಂಬ ಲೆಕ್ಕ ನೆನಪಿಡಿ. ಅನಂತರ ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ಮಾದರಿಯ 225 ಲೀಟರಿನ ಓಕ್ ಪೀಪಾಯಿಯಲ್ಲಿ ಒಂದರಿಂದ ಎರಡು ವರ್ಷ ಇಡುತ್ತಾರೆ. ಮರದ ಮೂಲಕ ವೈನ್ ಸ್ವಲ್ಪಸ್ವಲ್ಪವೇ ಆವಿಯಾಗುವುದರಿಂದ ಆಗಾಗ ಅದೇ ವೈನ್ ಹಾಕಿ ಕಂಠಮಟ್ಟ ತುಂಬಿಸಬೇಕು.

ಪಾಲಿನ ಪ್ರಶ್ನೆಗೆ ಹೇಳುವುದಾದರೆ, ಎಷ್ಟೋ ತೋಟಗಳು ಅಲ್ಲೂ ಚೂರಾಗಿವೆ. ನೆಪೋಲಿಯನ್ ಕಾಲದ ಕಾನೂನು ಮಕ್ಕಳಿಗೆಲ್ಲ ಸಮಪಾಲು ಕೊಡಿಸಿತು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಕ್ಲೋ ದ ವೂಜೊ ಎಂಬ, ಹಿಂದೆ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳದ್ದಾಗಿದ್ದ ಸುಮಾರು 50 ಹೆಕ್ಟೇರ್ ತೋಟಕ್ಕೆ ಈಗ 80ರ ಆಸುಪಾಸಿನ ಒಡೆಯರಿದ್ದಾರೆ. ನೆಲವನ್ನು ಹಂಚದೆ ಕುಟುಂಬದ ಕಂಪನಿ ಮಾಡಿಕೊಂಡು ಷೇರುಗಳನ್ನು ಹಂಚಿಕೊಂಡವರೂ ಇದ್ದಾರೆ. ಇಟಲಿಯ ಆಂಟಿನೋರಿ ಮನೆತನ 1385ರಿಂದ ಈ ಕಸುಬಿನಲ್ಲಿದೆ, ಈಗಿನದು 26ನೆಯ ತಲೆಮಾರು.

ಐಮಂಗಲದ ಕೃಷಿಕ:

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ. ಹವಾಮಾನ ಕೈಕೊಟ್ಟ ವರ್ಷ ಅಂಥ ಮನೆತನಗಳು ಏನು ಮಾಡುತ್ತವೆ? ನಮಗಾದರೆ ಬಂದಷ್ಟನ್ನು ಮಾರದೆ ವಿಧಿಯಿಲ್ಲ.

ವಿದ್ಯಾನಗರದಿಂದ, ದಾವಣಗೆರೆ:

ಕೆಲವರು ಆ ವರ್ಷದ ವೈನ್ ಅನ್ನೇ ಬಿಟ್ಟುಬಿಡುತ್ತಾರೆ. ಬೋರ್ಡೊ ಬಳಿ ಸಿಹಿ ವೈನ್ ಮಾಡುವ ಶಾತೊ ದಿಕೆಮ್ ಎಂಬ ತೋಟ 1785ರಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಲ್ಯುರ್ ಸಲ್ಯೂಸ್ ಮನೆತನದಲ್ಲಿತ್ತು. ಬೊಟ್ರೈಟಿಸ್ ಎಂಬ ಬೂಸು ಹಿಡಿದು ಮುದುಡಿದ ಹಣ್ಣನ್ನು ಮಾತ್ರ ಹಲವು ಸುತ್ತು ಆಯ್ದು ತರುವುದರಿಂದ ಒಂದು ಬಳ್ಳಿಗೆ ಒಂದೇ ಲೋಟ ವೈನ್ ಎಂಬ ಮಾತು ಅಲ್ಲಿದೆ. ಹಾಗಿದ್ದೂ 1972, 1974 ಮತ್ತು 1992ರಲ್ಲಿ ಹಣ್ಣು ತಕ್ಕ ಗುಣಕ್ಕೆ ಬರಲಿಲ್ಲವೆಂದು ಆ ಹೆಸರಿನಲ್ಲಿ ಒಂದು ಬಾಟಲಿಯನ್ನೂ ಹೊರಗೆ ಬಿಡಲಿಲ್ಲ. ತಾವು ಹೇಳಿದಂತೆ ಸಾಲದ ಮೇಲೆ ನಿಂತ ರೈತನಿಗೆ ಇದು ಸಾಧ್ಯವಿಲ್ಲ. ಹಿಂದಿನ ವರ್ಷಗಳ ದಾಸ್ತಾನು ನೆಲಮಾಳಿಗೆಯಲ್ಲಿ ಇದ್ದವರಿಗೆ ಮಾತ್ರ ಆ ಧೈರ್ಯ ಬರುತ್ತದೆ, ಆ ದಾಸ್ತಾನನ್ನು ಅಪ್ಪ ಅಜ್ಜಂದಿರು ಮಾಡಿಟ್ಟಿರುತ್ತಾರೆ.

ವಿಜಯಪುರ ಮೂಲದವನು, ಈಗ ಚಿತ್ರದುರ್ಗ:

ಒಂದು ಎಚ್ಚರಿಕೆ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ನಿದ್ರೆ ಮಾಡುತ್ತದೆ, ನಮ್ಮದು ಮಾಡುವುದಿಲ್ಲ. ಆದ್ದರಿಂದಲೇ ನಾವು ಏಪ್ರಿಲ್‌ನಲ್ಲಿ ಕಡ್ಡಿ ಕಟ್ಟುವುದಕ್ಕೆ ಒಂದು ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್‌ನಲ್ಲಿ ಹಣ್ಣಿಗೆ ಇನ್ನೊಂದು ಚಾಟ್ನಿ ಮಾಡಿ ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಯುತ್ತೇವೆ. ಅವರ ದಿನಚರಿಯನ್ನು ನಕಲು ಮಾಡಬೇಡಿ, ದಿನಚರಿ ಬರೆಯುವ ಅಭ್ಯಾಸವನ್ನು ಮಾತ್ರ ತೆಗೆದುಕೊಳ್ಳಿ.

ಸಸಿಯ ವಿಷಯಕ್ಕೆ ಬಂದರೆ, ಇನ್ನು ಮುಂದೆ ತಳಿಯನ್ನು ಗುರುತಿಸಲು ಗೊಂಚಲು ಬಿಡುವವರೆಗೆ ಕಾಯಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಡಾಗ್‌ರಿಡ್ಜ್ ಎಂಬ ಬೇರೆ ದ್ರಾಕ್ಷಿ ಬಳ್ಳಿಯ ಬೇರಿನ ಮೇಲೆ ಕಸಿ ಕಟ್ಟುವುದರಿಂದ, ಕಸಿಗಂಟಿನ ಮೇಲಿನಿಂದ ಬಂದ ಚಿಗುರನ್ನೇ ನೋಡಿ. ಕ್ಯಾಬರ್ನೆ ಸುವಿನ್ಯೋನ್‌ನ ಬಲಿತ ಎಲೆಯ ಐದು ಹಾಲೆಗಳ ನಡುವಿನ ಸೀಳುಗಳು ಆಳವಾಗಿದ್ದು ಅಂಚುಗಳು ಒಂದರ ಮೇಲೊಂದು ಮಡಚಿಕೊಂಡಿರುತ್ತವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಯಾರೋ ತೂತು ಕೊರೆದಂತೆ ದುಂಡಗಿನ ಕಿಂಡಿಗಳು ಕಾಣುತ್ತವೆ. ಸಸಿಯ ಕಡ್ಡಿ ತೆಗೆದ ತಾಯಿಬಳ್ಳಿಯನ್ನೇ ತೋರಿಸುವಂತೆ ಕೇಳಿ, ಅದರ ಎಲೆಗಳಲ್ಲಿ ಆ ಕಿಂಡಿಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಿ.