ಪದ ಬೇಕು: ಕಾರು ತೊಳೆಯೋದು ‘ಅಂಕಣ’ದಲ್ಲಿ, ವ್ಯಾಕ್ಯೂಮ್ ಹಾಕೋದು ಎಲ್ಲಿ?

ಗೆಳೆಯರೇ, ನಮಸ್ಕಾರ.

ನನ್ನ ಭಾವಮೈದ ಇಲ್ಲಿ ಡಲ್ಲಾಸ್ ಹತ್ತಿರ ಒಂದು ಸೆಲ್ಫ್ ಸರ್ವಿಸ್ ಕಾರ್ ವಾಶ್ ಕಟ್ಟಿಸಲು ಹೊರಟಿದ್ದಾನೆ. ನಮ್ಮೂರಿನ ವಾಟರ್ ಸರ್ವಿಸ್ ಥರ ಅಲ್ಲ. ಅಲ್ಲಿ ಹುಡುಗರು ತೊಳೆದು ಕೊಡುತ್ತಾರೆ, ನಾವು ಟೀ ಕುಡಿಯುತ್ತಾ ನಿಂತಿರುತ್ತೇವೆ. ಇಲ್ಲಿ ನಾಣ್ಯ ಹಾಕಿ, ನೀರಿನ ಗನ್ ಹಿಡಿದು, ನಮ್ಮ ಕಾರು ನಾವೇ ತೊಳೆಯಬೇಕು. ಆಮೇಲೆ ಕಾರನ್ನು ಮುಂದಕ್ಕೆ ತಂದು ಇನ್ನೊಂದು ಕಡೆ ನಿಲ್ಲಿಸಿ, ಒಳಗಿನ ಧೂಳು, ಚಿಪ್ಸ್ ಚೂರು, ನಾಯಿ ಕೂದಲು ಎಲ್ಲಾ ವ್ಯಾಕ್ಯೂಮ್‌ನಿಂದ ಎಳೆಯಬೇಕು. ಆ ‘ಇನ್ನೊಂದು ಕಡೆ’ಗೆ ಏನು ಹೇಳಬೇಕು ಅನ್ನೋದೇ ನನ್ನ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ಮಾವನವರಿಂದ. ದಾವಣಗೆರೆಯವರು, ಪಿಡಬ್ಲ್ಯೂಡಿ ಓವರ್‌ಸಿಯರ್ ಆಗಿ ರಿಟೈರ್ ಆದವರು, ಆರು ತಿಂಗಳಿಗೆ ಅಂತ ಬಂದಿದ್ದಾರೆ. ನಕ್ಷೆ ಕಂಡರೆ ಸುಮ್ನೆ ಕೂರುವವರಲ್ಲ. ಅದರ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಾ ಒಂದೊಂದು ಪದಕ್ಕೂ ನನ್ನನ್ನು ಕರೆಯುತ್ತಾರೆ.

ಮೊದಲ ತಕರಾರು ‘ಸ್ಟೇಷನ್’ ಮೇಲೆ. “ವ್ಯಾಕ್ಯೂಮ್ ಸ್ಟೇಷನ್ ಅಂದ್ರೇನ್ರೀ ಅಳಿಯಂದ್ರೇ, ರೈಲ್ವೆಯೋ ಪೊಲೀಸೋ?” ನಿಲ್ದಾಣ ಅಂದರೆ ಬಸ್ಸು ಬರಬೇಕು. ಕೇಂದ್ರ ಅಂದರೆ ಅಲ್ಲೊಬ್ಬ ಗುಮಾಸ್ತ ಕೂತಿರಬೇಕು. ‘ಸೆಲ್ಫ್ ಸರ್ವಿಸ್’ಗೆ ನಾನೇ ಧೈರ್ಯ ಮಾಡಿ ‘ತೊಳ್ಕೊಳ್ಳೋ ಜಾಗ’ ಅಂದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಆ ಪದದ ಕಥೆ ಅಲ್ಲಿಗೆ ಮುಗಿಯಿತು. ದರ್ಶಿನಿಗಳ ಬೋರ್ಡು ಓದಿ ಬೆಳೆದ ನಮಗೆ ‘ಸೆಲ್ಫ್ ಸರ್ವಿಸ್’ಗೆ ಬೇರೆ ಕನ್ನಡ ಬೇಕಿಲ್ಲ ಬಿಡಿ.

ಆದರೆ ತೊಳೆಯುವ ‘ಬೇ’ಗೆ, ಅಂದರೆ ಒಂದೊಂದು ಕಾರು ನುಗ್ಗಿ ನಿಲ್ಲುವ ಗೂಡಿನಂಥ ಜಾಗಕ್ಕೆ, ಮಾವನವರೇ ಪದ ಕೊಟ್ಟರು, ಅದೂ ಯೋಚನೆ ಮಾಡದೆ: ಅಂಕಣ. ನನಗೆ ಗೊತ್ತಿದ್ದದ್ದು ಪತ್ರಿಕೆಯ ಅಂಕಣ ಮಾತ್ರ. “ನಮ್ಮ ಹಳೇ ಮನೆ ಐದಂಕಣದ್ದು, ಮರ್ತು ಹೋಯ್ತಾ?” ಅಂದರು. ಎರಡು ಕಂಬಗಳ ನಡುವಿನ ಜಾಗ ಅಂಕಣ. ಹೊಯ್ಸಳ ಗುಡಿಗಳ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, ನಡುವೆ ನಾಲ್ಕು ಕಂಬ, ಅದರಿಂದ ಒಂಬತ್ತು ಅಂಕಣ. ತಮಾಷೆ ನೋಡಿ, ಕಾಲಮ್ ಅಂದರೆ ಕಂಬ. ನಾವು ಪತ್ರಿಕೆಯ ಕಾಲಮ್‌ಗೆ ಕಂಬವನ್ನು ಬಿಟ್ಟು ಕಂಬಗಳ ನಡುವಿನ ಜಾಗದ ಹೆಸರಿಟ್ಟಿದ್ದೇವೆ! ಅದಿರಲಿ. ಕಾರು ತೊಳೆಯುವ ಬೇಗೂ ಎರಡೂ ಕಡೆ ಗೋಡೆ, ಮೇಲೆ ಸೂರು, ಕಾರು ನುಗ್ಗುವಷ್ಟು ಅಗಲ. ‘ನಾಲ್ಕಂಕಣದ ಕಾರ್ ವಾಶ್’ ಅಂದರೆ ನನಗಂತೂ ಕಣ್ಣಿಗೆ ಕಟ್ಟುತ್ತದೆ.

ವ್ಯಾಕ್ಯೂಮ್ ಜಾಗಕ್ಕೆ ಬಂದಾಗ ಅಂಕಣ ಕೈಕೊಟ್ಟಿತು. ಅಲ್ಲಿ ಸೂರಿಲ್ಲ, ಗೋಡೆಯಿಲ್ಲ. ಈ ನಕ್ಷೆಯಲ್ಲಿ ಇರುವುದು ಮೊಣಕಾಲೆತ್ತರವೂ ಇಲ್ಲದ ಕಾಂಕ್ರೀಟ್ ದಿಬ್ಬ, ಅದರ ಮೇಲೆ ಒಂದು ಸ್ಟೀಲ್ ಡಬ್ಬ, ಎರಡು ಬದಿಗೆ ಎರಡು ಪೈಪು. ಮಾವ ಆ ದಿಬ್ಬಕ್ಕೆ ‘ಕಟ್ಟೆ’ ಅಂದರು. ಅದು ಸರಿಯೇ. ಆದರೆ ಕಾರು ನಿಲ್ಲುವುದು ಕಟ್ಟೆಯ ಮೇಲಲ್ಲ, ಪಕ್ಕದಲ್ಲಿ. ಆ ಪಕ್ಕಕ್ಕೆ ಏನು ಹೆಸರು?

ಹೆಸರಿಲ್ಲದ್ದರಿಂದ ಅಳತೆಯೂ ತಪ್ಪಿತ್ತು ಅಂತ ನನ್ನ ಗುಮಾನಿ. ನಕ್ಷೆಯಲ್ಲಿ ಅದನ್ನು ಮಾಮೂಲಿ ಪಾರ್ಕಿಂಗ್ ಅಂತಲೇ ತೋರಿಸಿ 9 ಅಡಿ ಅಗಲ ಕೊಟ್ಟಿದ್ದರು. ಮಾವ ನನ್ನ ಮಗಳ ಚಾಕ್ ತಗೊಂಡು ಮನೆ ಮುಂದಿನ ಡ್ರೈವ್‌ವೇ ಮೇಲೆ ಗೆರೆ ಎಳೆದರು. ಭಾವಮೈದನ ಪಿಕಪ್ಪನ್ನು ಗೆರೆಗಳ ನಡುವೆ ನಿಲ್ಲಿಸಿ, ಎರಡೂ ಬದಿಯ ಬಾಗಿಲು ತೆಗೆಸಿ, ಟೇಪು ಹಿಡಿದರು. ಗಾಡಿ ಆರೂವರೆ ಅಡಿ ದಾಟಿತು, ಬಾಗಿಲುಗಳು ಆ ಕಡೆ ಮೂರು, ಈ ಕಡೆ ಮೂರು. “ಬಾಗ್ಲಿಗೆ ಬಾಗ್ಲು ಬಡೀತಾವಲ್ಲೋ!” ಅಂತ ಮಗನಿಗೆ ಬೈದರು. ಪಾರ್ಕಿಂಗ್‌ನಲ್ಲಿ ಬಾಗಿಲು ಒಂದು ಸಲ ತೆಗೆದು ಹಾಕುತ್ತೇವೆ. ಇಲ್ಲಿ ನಾಲ್ಕೂ ಬಾಗಿಲು ಹತ್ತು ನಿಮಿಷ ತೆರೆದೇ ಇರುತ್ತವೆ. ಈಗ 13 ಅಡಿ ಅಂತ ತಿದ್ದಿಸಿದ್ದಾರೆ. ಆರು ಜಾಗ ಇದ್ದದ್ದು ನಾಲ್ಕಕ್ಕಿಳಿದಿದೆ, ಭಾವಮೈದನ ಮುಖವೂ ಇಳಿದಿದೆ.

ಪೈಪಿಗೆ ಮಾವ ‘ಸೊಂಡಿಲು’ ಅನ್ನುತ್ತಾರೆ. ಅದರ ಉದ್ದ 15 ಅಡಿ. ಕಟ್ಟೆ ಕಾರಿನ ಮೂತಿಯ ಹತ್ತಿರ ಇದ್ದರೆ ಸೊಂಡಿಲು ಡಿಕ್ಕಿವರೆಗೆ ಹೋಗುವುದಿಲ್ಲ, ಹಿಂದಿನ ಬಾಗಿಲಿನ ನೇರಕ್ಕಿರಬೇಕು ಅನ್ನುವುದು ಅವರ ವಾದ. ಈ ಮಾತನ್ನು ಫೋನಿನಲ್ಲಿ ಹೇಳುವಾಗ “ಸೊಂಡಿಲು ಡಿಕ್ಕಿಗೆ ಮುಟ್ಟಲ್ಲ” ಅಂದರು. ಆ ಕಡೆಯವರು ಯಾರಿಗೆ ಯಾವ ಆನೆ ಡಿಕ್ಕಿ ಹೊಡೆಯಿತೋ ಅಂದುಕೊಂಡರು.

ಕ್ರಿಯಾಪದದ್ದೂ ಒಂದು ಸಣ್ಣ ಪ್ರಶ್ನೆ ಇದೆ. ನಾನು ‘ವ್ಯಾಕ್ಯೂಮ್ ಹಾಕು’ ಅನ್ನುತ್ತೇನೆ. ಹುಬ್ಬಳ್ಳಿಯ ಗೆಳೆಯ ‘ಕಸಾ ಹೊಡಿ’ ಅಂದ ಹಾಗೇ ‘ವ್ಯಾಕ್ಯೂಮ್ ಹೊಡಿ’ ಅನ್ನುತ್ತಾನೆ. ಟೈರಿಗೆ ಗಾಳಿ ಹೊಡೆಯುವುದು ಒಳಕ್ಕೆ ತುಂಬುವುದು, ವ್ಯಾಕ್ಯೂಮ್ ಹೊಡೆಯುವುದು ಹೊರಕ್ಕೆ ಎಳೆಯುವುದು. ಒಂದೇ ‘ಹೊಡಿ’ ಎರಡಕ್ಕೂ ನಡೆಯುತ್ತದೆ, ಯಾರಿಗೂ ಗೊಂದಲ ಇಲ್ಲ, ಅಲ್ವಾ? ‘ಧೂಳುಹೀರುಕ’ವನ್ನು ಯಾರಾದರೂ ಮನೆಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ.

ಈಗ ಅಸಲು ಪ್ರಶ್ನೆ. ಕೆಲವು ಕಾರ್ ವಾಶ್‌ಗಳಲ್ಲಿ ಡಬ್ಬಗಳ ಬದಲು ಒಂದೇ ದೊಡ್ಡ ಮೋಟರ್ ಇಟ್ಟು, ಸಾಲಾಗಿ ಕಬ್ಬಿಣದ ಕಮಾನು ನಿಲ್ಲಿಸಿ, ಸೊಂಡಿಲುಗಳನ್ನು ಮೇಲಿಂದ ಇಳಿಬಿಟ್ಟಿರುತ್ತಾರೆ. ಅಲ್ಲಿ ಎರಡು ಕಂಬ, ನಡುವೆ ಕಾರು. ಸೂರಿಲ್ಲದಿದ್ದರೂ ಅದನ್ನು ಅಂಕಣ ಅನ್ನಬಹುದಾ? ಇಲ್ಲಾ ಅಂಕಣಕ್ಕೆ ಮೇಲೆ ತೊಲೆ, ಸೂರು ಇರಲೇಬೇಕಾ? ಕಂಬವೇ ಇಲ್ಲದ, ಬರೀ ಕಟ್ಟೆಯ ಪಕ್ಕದ ಜಾಗಕ್ಕೆ ನಿಮ್ಮ ಕಡೆ ಏನಾದರೂ ಮಾತಿದೆಯಾ? ಗಾಡಿ ಬಿಚ್ಚಿ ಎತ್ತು ಕಟ್ಟುವ ಜಾಗ, ಸಂತೆಯಲ್ಲಿ ಚೀಲ ಇಳಿಸುವ ಜಾಗ, ಬಾವಿಕಟ್ಟೆ ಪಕ್ಕದಲ್ಲಿ ಕೊಡ ಇಡುವ ಜಾಗ, ಯಾವುದರ ಹೆಸರಾದರೂ ಸರಿ.

ಸದ್ಯಕ್ಕೆ ಮಾವ ‘ಕಟ್ಟೆಮಗ್ಗುಲು 1, ಕಟ್ಟೆಮಗ್ಗುಲು 2’ ಅಂತ ಬರೆದಿದ್ದಾರೆ. ಪೆನ್ಸಿಲ್ಲೇ, ಅಳಿಸಬಹುದು.