ಮೊಂತಿ ಹಬ್ಬ ಹತ್ತಿರ ಬಂತು, ನಮಗೆ ಕೊಂಕಣಿ ಬರಲ್ಲ. ಏನು ಮಾಡಬೇಕು?

ಮಲೆನಾಡಿನವಳು:
ನಾವು ಶಿವಮೊಗ್ಗ ಕಡೆಯ ಕಥೋಲಿಕರು. ಯಜಮಾನರ ಕೆಲಸದಿಂದಾಗಿ ಈಗ ಉಡುಪಿ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ಇಲ್ಲಿ ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಭಾನುವಾರದ ಪೂಜೆಯೆಲ್ಲ ಕೊಂಕಣಿಯಲ್ಲೇ. ಕ್ರಮ ಒಂದೇ ಆದ್ದರಿಂದ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಗೊತ್ತಾಗುತ್ತದೆ, ಆದರೆ ಪಾದ್ರಿಗಳ ಪ್ರಸಂಗ (ಉಪದೇಶ) ಶುರುವಾದರೆ ಸುಮ್ನೆ ಫ್ಯಾನ್ ನೋಡಿಕೊಂಡು ಕೂರುವುದೇ ಕೆಲಸ. ಮೊನ್ನೆ ವಾರ್ಡಿನ (ಇಗರ್ಜಿಯ ನೆರೆಹೊರೆ ಮನೆಗಳ ಗುಂಪಿನ) ಮುಖಂಡರಾದ ಗುರಿಕಾರರು ಮನೆಗೆ ಬಂದು, ನೊವೆನಾಕ್ಕೆ (ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ) ಮಗಳ ಕೈಯಲ್ಲಿ ಹೂ ಕೊಟ್ಟು ಕಳಿಸಿ, ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಅಂದರೆ ತೆನೆ ಹಬ್ಬ ಎಂದು ಹೇಳಿ ಹೋದರು. ಊರಲ್ಲಿ ನಾವು ಆ ದಿನ ಮರಿಯಮ್ಮನವರ ಜನ್ಮದಿನ ಅಂತ ಪೂಜೆ ಮುಗಿಸಿ ಬರುತ್ತಿದ್ದೆವು, ಅಷ್ಟೇ. ಯಾವ ಹೂ? ತೆನೆ ನಾವೇ ತರಬೇಕಾ? ಪೂಜೆ ಮುಗಿದ ಕೂಡಲೇ ಸ್ಕೂಟರ್ ಹತ್ತಿ ಬರುವವಳು ನಾನು, ಎಲ್ಲರ ನಡುವೆ ಹೋಗಿ ನಿಲ್ಲಲು ಒಂಥರಾ ಮುಜುಗರ.

ಕಲ್ಯಾಣಪುರ_ಬಾಯಿ:
ಅಕ್ಕಾ, ಮನೆ ಅಂಗಳದಲ್ಲಿ ಯಾವ ಹೂ ಇದೆಯೋ ಅದೇ ಸಾಕು. ದಾಸವಾಳ, ಗೋರಂಟಿ, ಬೇಲಿ ಮೇಲಿನದ್ದಾದರೂ ಆದೀತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಸಾಲಾಗಿ ಹೋಗಿ ಬಾಲೆ ಮರಿಯಮ್ಮನ ಪ್ರತಿಮೆಯ ಮುಂದೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಮಕ್ಕಳಿಗೆ ಕಬ್ಬು ಸಿಗುತ್ತದೆ, ಮತ್ತೆ ಮಗಳನ್ನು ಮನೆಗೆ ಕರೆತರುವುದೇ ಕಷ್ಟ. ತೆನೆ ತರಬೇಡಿ. ಹೊಸ ಭತ್ತದ ತೆನೆಯ ಆಶೀರ್ವಾದ ಆದ ಮೇಲೆ ಪ್ರತಿ ಮನೆಗೂ ಇಗರ್ಜಿಯಿಂದಲೇ ಕೊಡುತ್ತಾರೆ.
ಭಾಷೆಗೆ ಹೆದರಬೇಡಿ. ಇಲ್ಲಿ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲೇ ಅಲ್ವಾ, ಹಾಡಿನ ಪುಸ್ತಕ ಹಿಡಿದರೆ ಮೊದಲ ದಿನವೇ ಓದಿಕೊಂಡು ಹಾಡಬಹುದು. 1938ರಿಂದ ಬರುತ್ತಿರುವ ರಾಕ್ಣೊ ಎಂಬ ಕೊಂಕಣಿ ವಾರಪತ್ರಿಕೆಯೂ ಕನ್ನಡ ಅಕ್ಷರದಲ್ಲೇ ಇದೆ. ತಿಂಗಳೆರಡು ಓದಿ, ಪ್ರಸಂಗ ಅರ್ಧ ತಲೆಗೆ ಹೋಗುತ್ತದೆ.

ಫರಂಗಿಪೇಟೆ_ಹುಡುಗ:
ಮನೆ ಊಟದ ಬಗ್ಗೆ ಯಾರೂ ಹೇಳಲಿಲ್ಲ! ಆ ದಿನ ಮೀನು ಮಾಂಸ ಇಲ್ಲ, ಬಾಳೆ ಎಲೆ ಊಟ. ಪಲ್ಯ ಸಾರು ಎಲ್ಲ ಸೇರಿ ಬೆಸ ಸಂಖ್ಯೆಯಲ್ಲಿರಬೇಕು, ಮೂರಾದರೂ ಸರಿ, ಒಂಬತ್ತಾದರೂ ಸರಿ. ಮೊದಲು ಎಲ್ಲರೂ ಒಟ್ಟಿಗೆ ಪ್ರಾರ್ಥನೆ, ಆಮೇಲೆ ಹೊಸ ಭತ್ತದ ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ನಮ್ಮೂರಿನ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಈ ಹಬ್ಬ ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ, ಹಾಗಾಗಿ ನಮಗೆ ಸ್ವಲ್ಪ ಜಂಬ ಜಾಸ್ತಿ, ಕ್ಷಮೆ ಇರಲಿ.

ಬಲ್ಮಠ_ಸಿಎಸ್‌ಐ:
ನಾನು ಪ್ರೊಟೆಸ್ಟೆಂಟ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, ಅವರಿಂದ ಬೆಳೆದ ನಮ್ಮ ಸಭೆಯಲ್ಲಿ ಆರಾಧನೆ ಕನ್ನಡದಲ್ಲೇ, ಮನೆಯಲ್ಲಿ ಮಾತಾಡುವುದು ತುಳು. ಆದರೂ ಹೊಸಬರು ಬೆಂಚಿನ ತುದಿಯಲ್ಲಿ ಕೂತು ಎದ್ದು ಹೋಗುತ್ತಾರೆ, ಅಂದರೆ ತೊಂದರೆ ಬರೀ ಭಾಷೆಯದ್ದಲ್ಲ. ಕೊಯ್ಲಿನ ಹಬ್ಬದ ಹರಾಜಿನಲ್ಲಿ ಒಂದು ಸಿಹಿಗುಂಬಳ ಕೂಗಿ ನೋಡಿ! ಕೊಂಡವರು ಅದನ್ನೇ ವಾಪಸ್ ಕೊಟ್ಟು ಇನ್ನೊಂದು ಸಲ ಹರಾಜು ಹಾಕಿಸುತ್ತಾರೆ, ಅಷ್ಟರಲ್ಲಿ ಅರ್ಧ ಸಭೆಗೆ ನಿಮ್ಮ ಹೆಸರು ಗೊತ್ತಾಗಿರುತ್ತದೆ. ನಿಮ್ಮಲ್ಲಿ ಆ ಜಾಗ ವಾರ್ಡು. ವಾರ್ಡಿನ ಪ್ರಾರ್ಥನೆ ಒಮ್ಮೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ, ಚಹಾ ಕೊಡುವಾಗ ಮುಜುಗರ ಎಲ್ಲಿರುತ್ತದೆ?

ಕಲ್ಯಾಣಪುರ_ಬಾಯಿ:
ಇದು ಸರಿ. ಭಾನುವಾರ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ನಾವೂ ಅಷ್ಟೇ. ಗುರಿಕಾರರಿಗೆ ಇವತ್ತೇ ಫೋನ್ ಮಾಡಿ, 7ರ ಸಂಜೆ ಅಲಂಕಾರಕ್ಕೆ ಜನ ಬೇಕಾ ಕೇಳಿ. ಖಂಡಿತ ಬೇಕಾಗಿರುತ್ತದೆ.

ಮಲೆನಾಡಿನವಳು:
ಫೋನ್ ಮಾಡಿದೆ. ನನಗೆ ಹೂ ಕಟ್ಟುವ ಕೆಲಸ, ಯಜಮಾನರಿಗೆ ಕುರ್ಚಿ ಹೊರುವುದು. ಪಕ್ಕದ ಮನೆಯವರು ಕೆಸುವಿನ ದಂಟು ಕೊಟ್ಟಿದ್ದಾರೆ, ಬೇಯಿಸಿದರೂ ಗಂಟಲು ತುರಿಸುತ್ತದಲ್ಲ?

ಫರಂಗಿಪೇಟೆ_ಹುಡುಗ:
ಅಂಬಟೆಕಾಯಿ ಇಲ್ಲವೇ ಹುಣಸೆಹುಳಿ ಧಾರಾಳ ಹಾಕಿ, ಚೆನ್ನಾಗಿ ಬೇಯಿಸಿ. ಹೆಚ್ಚುವಾಗ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.